ಉಳಿದವರು: ಸೊನ್ನೆ

ಒಂಬತ್ತು ವರ್ಷದಲ್ಲಿ ನಲವತ್ತಾರು ಅರ್ಜಿ ಬರೆದವಳಿಗೆ ಜನ ಅರ್ಜಿಯಕ್ಕ ಎಂದಲ್ಲದೆ ಇನ್ನೇನು ಹೆಸರಿಟ್ಟಾರು? ದ್ವೀಪದ ಪುಟ್ಟ ಅಂಚೆ ಕಚೇರಿಯನ್ನು ಮೂವತ್ತು ವರ್ಷ ನಡೆಸಿ ನಿವೃತ್ತಳಾದವಳು ಅವಳು. ಯಾವ ಕಚೇರಿಗೆ ಯಾವ ಧಾಟಿಯಲ್ಲಿ ಬರೆಯಬೇಕು, ಎಲ್ಲಿ ‘ವಿನಮ್ರ’ ಎನ್ನಬೇಕು, ಎಲ್ಲಿ ‘ಈ ಹಿಂದೆಯೂ ತಿಳಿಸಿರುವಂತೆ’ ಎಂದು ಮೆಲ್ಲಗೆ ಚುಚ್ಚಬೇಕು ಎಂಬುದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಬಂದ ಭಾಗ್ಯ ಏನು? ನಲವತ್ತಾರರಲ್ಲೂ ಅವಳು ಕೇಳಿದ್ದು ಒಂದೇ: ನಮ್ಮ ಬೋಟು ಸಾಲುತ್ತಿಲ್ಲ, ಇನ್ನೊಂದು ಕೊಡಿ. ಮೊದಲ ನಲವತ್ತೈದಕ್ಕೂ ಬಂದ ಉತ್ತರ ಒಂದೇ: ಪರಿಶೀಲನೆಯಲ್ಲಿದೆ.

ಬೋಟು ಸರ್ಕಾರದ್ದು. ದ್ವೀಪದವರಿಗೆಲ್ಲ ಪಾಸು, ಟಿಕೆಟ್ಟಿನ ರಗಳೆಯಿಲ್ಲ. ಬೋಟಿನ ಮಗ್ಗುಲಲ್ಲಿ ಬಿಳಿ ಬಣ್ಣದಲ್ಲಿ ‘ಪ್ರಯಾಣಿಕರು ೬೦’ ಎಂದು ಬರೆದಿದೆ. ಸಂಜೆ ಐದೂವರೆಗೆ ಆಚೆ ದಡದಿಂದ ಹೊರಡುವ ಕೊನೆಯ ಸರದಿಯಲ್ಲಿ ಆ ಬರಹ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಏಕೆಂದರೆ ಅದರ ಮೇಲೆ ಹತ್ತು ಹನ್ನೆರಡು ಜನರ ಕಾಲುಗಳು ಇಳಿಬಿದ್ದಿರುತ್ತಿದ್ದವು. ಆಸ್ಪತ್ರೆಗೆ ಹೋದವರು, ಅಂಗಡಿಯಲ್ಲಿ ಕೆಲಸ ಮಾಡುವವರು, ಕಾಲೇಜಿನ ಹುಡುಗಿಯರು, ಗಾರೆ ಕೆಲಸದವರು, ಸಿಮೆಂಟಿನ ಚೀಲ, ಒಮ್ಮೊಮ್ಮೆ ಒಂದು ಮಂಚ. ನೂರಕ್ಕೆ ಕಡಿಮೆ ಎಂದೂ ಇಲ್ಲ.

ಬೋಟು ನಡೆಸುವವನು ಅರ್ಜಿಯಕ್ಕನ ಸ್ವಂತ ತಮ್ಮ. ಮಾತು ಆಡಿದರೆ ಮುತ್ತು ಉದುರೀತು ಎಂಬ ಜಾತಿ. ಯಾರು ಏನು ಕೇಳಿದರೂ ‘ಹೂಂ’. ಊರಿನವರಿಗೆ ಅವನು ಹೂಂ ಮಾವ. ಆದರೆ ಅವನ ಕಣ್ಣು ಮಾತ್ರ ಬಸ್ ನಿಲ್ದಾಣದ ರಸ್ತೆಯ ಮೇಲೇ ಇರುತ್ತಿತ್ತು. ಯಾರಾದರೂ ಚೀಲ ಹಿಡಿದು ಓಡಿ ಬರುವುದು ಕಂಡರೆ ಹೊರಟ ಬೋಟನ್ನೂ ಹಿಂದಕ್ಕೆ ತಂದು ಹತ್ತಿಸಿಕೊಳ್ಳುತ್ತಿದ್ದ. ಅವನು ಚುಕ್ಕಾಣಿ ಹಿಡಿದ ಮೇಲೆ ಒಂದು ನರಪಿಳ್ಳೆಯೂ ಆಚೆ ದಡದಲ್ಲಿ ಉಳಿದದ್ದಿಲ್ಲ. ಅದು ಅವನ ಹೆಮ್ಮೆ, ಹೇಳಿಕೊಳ್ಳುವವನಲ್ಲ ಅಷ್ಟೇ.

ಅರ್ಜಿಯಕ್ಕನ ಅರ್ಜಿಗಳು ಮೊದಲು ಊರ ಪರವಾಗಿದ್ದವು. ಎರಡು ವರ್ಷದಿಂದೀಚೆಗೆ ಅವು ಅವಳ ಮನೆಯದೇ ಆಗಿಬಿಟ್ಟಿದ್ದವು. ದೋಣಿ ಕಟ್ಟುವ ಬಡಗಿಯಾಗಿದ್ದ ಗಂಡನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗಿನ ಪಾಳಿಯಲ್ಲಿ ಜಾಗವಿಲ್ಲ, ಅವರಿಗೆ ಸಿಕ್ಕಿದ್ದು ಹನ್ನೆರಡರಿಂದ ನಾಲ್ಕರ ಪಾಳಿ. ರಕ್ತ ನಿಂತು, ಪಟ್ಟಿ ಕಟ್ಟಿ, ತಲೆ ಸುತ್ತು ಇಳಿದು, ಆಟೋ ಹಿಡಿದು ಜೆಟ್ಟಿಗೆ ಬರುವಷ್ಟರಲ್ಲಿ ಐದೂಕಾಲು. ಐದೂವರೆಯ ಬೋಟು ಇದ್ದರೆ ಅವರಿಗೆ ಮನೆ, ಇಲ್ಲದಿದ್ದರೆ ಇಲ್ಲ. ಮೀನು ದೋಣಿಯ ಅಂಚು ಹತ್ತಿ ಇಳಿಯುವ ಶಕ್ತಿ ಆ ಹೊತ್ತಿನಲ್ಲಿ ಗಂಡನ ಕಾಲಿಗಿರುತ್ತಿರಲಿಲ್ಲ. ಆಚೆ ದಡದಲ್ಲಿ ಬಾಡಿಗೆ ಮನೆ ಹಿಡಿಯುವ ಮಾತೆತ್ತಿದರೆ ಅವನು, “ನಾನು ಕಟ್ಟಿದ ಮನೇಲಿ ಸಾಯೋ ಹಕ್ಕಾದ್ರೂ ಇರ್ಲಿ ಕಣೇ,” ಎಂದು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ನಲವತ್ತಾರನೆಯ ಅರ್ಜಿಗೆ ಮಾತ್ರ ಬೇರೆ ಉತ್ತರ ಬಂತು. ‘ದ್ವೀಪದ ಸಂಚಾರ ಬೇಡಿಕೆಯನ್ನು ತಿಳಿಯಲು ಬರುವ ಗುರುವಾರ ಅಧಿಕಾರಿಯೊಬ್ಬರು ಪ್ರಯಾಣಿಕರ ಎಣಿಕೆ ನಡೆಸುವರು.’ ಅರ್ಜಿಯಕ್ಕ ಕಾಗದವನ್ನು ಮೂರು ಸಲ ಓದಿದಳು. ಆಮೇಲೆ ಚಪ್ಪಲಿ ಮೆಟ್ಟಿ ಮನೆಮನೆಗೆ ಹೊರಟಳು.

“ಗುರುವಾರ ಎಲ್ಲರೂ ಬೋಟಲ್ಲಿ ಬನ್ನಿ. ಎಷ್ಟು ಜನ ಇದೀವಿ ಅಂತ ಆ ಮಹಾರಾಯ ಕಣ್ತುಂಬ ನೋಡ್ಕೊಂಡು ಹೋಗ್ಲಿ,” ಎಂದಳು.

ಎಲ್ಲ ಮನೆಯಲ್ಲೂ ಒಂದೇ ಅನುಮಾನ. “ಅಲ್ಲ ಅಕ್ಕ, ಎಣಿಸೋಕೆ ಬಂದವನು ನಮ್ಮ ಹೂಂ ಮಾವನ್ನ ಮತ್ತೆ ಮನೇಲಿ ಕೂರಿಸಿಬಿಟ್ರೆ?”

ಅನುಮಾನಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಸುರಕ್ಷತಾ ವಿಭಾಗದ ಇನ್‌ಸ್ಪೆಕ್ಟರ್ ಒಬ್ಬ ಬಂದು, ಅರವತ್ತರ ಬೋಟಿನಲ್ಲಿ ನೂರ ನಾಲ್ಕು ತಲೆ ಎಣಿಸಿ, ತಮ್ಮನನ್ನು ಅಮಾನತು ಮಾಡಿಸಿದ್ದ. ಬೋಟು ನಲವತ್ತೊಂದು ದಿನ ಕಟ್ಟಿಹಾಕಿದಲ್ಲೇ ನಿಂತಿತ್ತು. ಆ ನಲವತ್ತೊಂದು ದಿನದ ಪಡಿಪಾಟಲನ್ನು ಯಾರೂ ಮರೆತಿರಲಿಲ್ಲ. ಆಗ ಊರಿಗೆ ಒಂದು ರೂಢಿ ಬಿತ್ತು. ಆಚೆ ದಡದ ಜೆಟ್ಟಿಯಲ್ಲಿ ರಟ್ಟಿನ ಹಲಗೆ, ಪೆನ್ನು ಹಿಡಿದ ಹೊಸ ಮುಖ ಕಂಡರೆ ಚಹಾ ಅಂಗಡಿಯವನು ತನ್ನ ಷಟರನ್ನು ಅರ್ಧ ಎಳೆಯುತ್ತಿದ್ದ. ಅದರ ಸದ್ದು ಕೇಳಿದ್ದೇ ತಡ, ಕಾಲಲ್ಲಿ ಕಸುವಿದ್ದವರೆಲ್ಲ ಬೋಟಿನಿಂದ ಇಳಿದು ಐಸ್ ಗೋದಾಮಿನ ಹಿಂದೆ ನಿಲ್ಲುವರು. ಮುದುಕರು, ಕಾಯಿಲೆಯವರು, ಹಸುಗೂಸಿನವರು ಮಾತ್ರ ಕುಳಿತಿರುವರು. ಬೋಟು ಹೋದ ಮೇಲೆ ಇಳಿದವರು ಮೀನು ದೋಣಿ ಹಿಡಿದು ಮನೆ ಸೇರುವರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಧೂಳು ಬಂದರೆ ಕಣ್ಣು ತಾನೇ ಮುಚ್ಚುವುದಿಲ್ಲವೇ, ಹಾಗೆ.

“ಇವನು ಬೇರೆ ವಿಭಾಗದವನು,” ಎಂದು ಅರ್ಜಿಯಕ್ಕ ಬಾಯಿ ಒಣಗುವ ತನಕ ಬಿಡಿಸಿ ಹೇಳಿದಳು. “ಅವನು ಎಣಿಸಿದ್ದು ಕಿತ್ಕೊಳ್ಳೋಕೆ. ಇವನು ಎಣಿಸೋದು ಕೊಡೋಕೆ. ಗುರುವಾರ ಒಂದು ದಿನ ಯಾರೂ ಇಳೀಬೇಡಿ, ಕೈ ಮುಗೀತೀನಿ.”

ಜನ ಒಪ್ಪಿದರು. ಗುರುವಾರಕ್ಕೆ ಊರಿಗೆ ಊರೇ ತಯಾರಾಯಿತು.

ಅದಕ್ಕೆ ಎರಡು ದಿನ ಮುಂಚೆ, ಮಂಗಳವಾರ, ಅವಳು ಎಂದಿನಂತೆ ಗಂಡನನ್ನು ಆಸ್ಪತ್ರೆಯಿಂದ ಕರೆತಂದು ಬೋಟಿನ ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಬೋಟು ಆಗಲೇ ಕಿಕ್ಕಿರಿದಿತ್ತು. ಯಾರದೋ ಕೊಡೆಯ ತುದಿ ಅವಳ ಬೆನ್ನಿಗೆ ಚುಚ್ಚುತ್ತಿತ್ತು. ಗಂಡನ ತೋಳಿನ ಪಟ್ಟಿಯನ್ನು ಸರಿಮಾಡುತ್ತಿದ್ದಳು, ಅಷ್ಟರಲ್ಲಿ ಷಟರು ಕಿರ್ರೆಂದಿತು.

ಮೊದಲು ಎದ್ದವಳು ಅವಳೇ. ಯೋಚಿಸಿದ್ದರೆ ತಾನೇ? ‘ಅಯ್ಯೋ, ತಮ್ಮ!’ ಎಂಬುದೊಂದೇ ತಲೆಯಲ್ಲಿ ಹೊಳೆದದ್ದು. ಕಾಲೇಜು ಹುಡುಗಿಯರನ್ನು ದಬ್ಬಿಕೊಂಡು, “ಇಳೀರೇ ಬೇಗ, ಇಳೀರಿ,” ಎಂದು ಎಲ್ಲರಿಗಿಂತ ಮುಂದಾಗಿ ಹಲಗೆ ದಾಟಿ ಗೋದಾಮಿನ ಹಿಂದೆ ಸೇರಿದಳು. ಅವಳ ಹಿಂದೆ ಅರವತ್ತಕ್ಕೂ ಮಿಕ್ಕಿ ಜನ. ಮೀನಿನ ನಾತ, ಕಾಲ ಕೆಳಗೆ ಕರಗಿದ ಐಸಿನ ನೀರು, ಯಾರೂ ಕೆಮ್ಮುವ ಹಾಗಿಲ್ಲ. ಗೋಡೆಯ ಸಂದಿನಿಂದ ಇಣುಕಿದರೆ, ತೆಳ್ಳಗಿನ ಯುವಕನೊಬ್ಬ ಹಲಗೆಯ ಮೇಲೆ ಕಾಗದ ಸಿಕ್ಕಿಸಿಕೊಂಡು ಬೋಟು ಹತ್ತುತ್ತಿದ್ದ. ಬೋಟು ಹಗುರಾಗಿ ಹೊರಟುಹೋಯಿತು. ಬಚಾವಾದೆವು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅರ್ಜಿಯಕ್ಕನೂ ನಕ್ಕಳು. ಆ ನಗುವನ್ನು ನೆನೆಸಿಕೊಂಡು ಅವಳು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಮೀನು ದೋಣಿಯಲ್ಲಿ ಮನೆಗೆ ಬಂದರೆ ಗಂಡ ಜಗಲಿಯ ಮೇಲೆ ಗೆಲುವಾಗಿ ಕುಳಿತಿದ್ದ.

“ಇವತ್ತು ಬಂದವನು ಒಳ್ಳೆ ಹುಡುಗ ಕಣೇ. ನನ್ನ ಪಕ್ಕದಲ್ಲೇ ಕೂತಿದ್ದ. ನೀರು ಬೇಕಾ ತಾತ ಅಂತ ಕೇಳ್ದ.”

“ಏನಂದ?”

“ಬೋಟು ದಿನಾ ಇಷ್ಟೇ ಖಾಲಿ ಇರುತ್ತಾ ಅಂದ. ಹೂಂ ಸ್ವಾಮಿ, ಕಾಲು ಚಾಚ್ಕೊಂಡು ರಾಜನ ಥರ ಹೋಗ್ತೀವಿ ಅಂದೆ. ಹೆಂಗೆ? ನಿನ್ನ ತಮ್ಮನ ಮೇಲೆ ಒಂದು ಚೂರೂ ಅನುಮಾನ ಬರದ ಹಾಗೆ ಹೇಳ್ದೆ.” ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದ. “ಇದೊಂದು ಕೊಟ್ಟ. ಕನ್ನಡಕ ಇರ್ಲಿಲ್ಲ, ನೋಡು ಏನು ಅಂತ.”

ಚೀಟಿಯ ಮೇಲೆ ‘ಸಂಚಾರ ಬೇಡಿಕೆ ಸಮೀಕ್ಷೆಗೆ ಸಹಕರಿಸಿದ್ದಕ್ಕೆ ಧನ್ಯವಾದಗಳು’ ಎಂದಿತ್ತು. ಅದರ ಕೆಳಗೆ ಅವಳದೇ ಅರ್ಜಿಯ ಸಂಖ್ಯೆ. ಅರ್ಜಿಯಕ್ಕ ಚೀಲವನ್ನು ಕೆಳಗಿಡಲೂ ಮರೆತು ನಿಂತುಬಿಟ್ಟಳು. ಒಂಬತ್ತು ವರ್ಷ ಕಾದು ಕರೆಸಿಕೊಂಡ ಮನುಷ್ಯನನ್ನು ಕಂಡು ತಾನೇ ಎಲ್ಲರಿಗಿಂತ ಮೊದಲು ಓಡಿಹೋಗಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂದರೆ ಇದೇ. ಕಲ್ಲು ಸಾಲದು ಎಂದು ಗಂಡ ಮೇಲೊಂದು ಬಂಡೆ ಬೇರೆ ಇಟ್ಟಿದ್ದ.

ಆದರೂ ಮತ್ತೊಮ್ಮೆ ಬಂದಾನು ಎಂಬ ಆಸೆಯಿಂದ ಗುರುವಾರ ಊರಿನ ನೂರ ಮೂವತ್ತು ಜನ ಆಚೆ ದಡದ ಜೆಟ್ಟಿಯಲ್ಲಿ ಬಿಸಿಲಿಗೆ ನಿಂತರು. ಅಧಿಕಾರಿ ಬರಲೇ ಇಲ್ಲ.

ಬಂದದ್ದು ಕಾಗದ, ಮೂರು ವಾರದ ನಂತರ. ಎರಡನೆಯ ಬೋಟಿನ ಅಗತ್ಯ ಕಂಡುಬಂದಿಲ್ಲ. ಸಂಜೆಯ ಸರದಿಯಲ್ಲಿ ಮೂವತ್ತೊಂಬತ್ತು ಪ್ರಯಾಣಿಕರು ಮಾತ್ರ ಇದ್ದುದರಿಂದ, ಸಾರ್ವಜನಿಕ ಹಣದ ಪೋಲನ್ನು ತಡೆಯಲು, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸಂಜೆ ಐದೂವರೆಯ ಸರದಿಯನ್ನು ರದ್ದುಪಡಿಸಲಾಗಿದೆ. ಕೊನೆಯ ಬೋಟು ಎರಡೂವರೆಗೆ.

ಕೇಳಿದ್ದು ಇನ್ನೊಂದು, ಹೋದದ್ದು ಇದ್ದದ್ದೂ. ಎರಡೂವರೆಗೆ ಗಂಡ ಯಂತ್ರಕ್ಕೆ ತೋಳು ಕೊಟ್ಟು ಮಲಗಿರುತ್ತಾನೆ. ಅರ್ಜಿಯಕ್ಕ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಗಿನ ಬೋಟಿಗೆ ಕಚೇರಿಗೆ ಹೋದಳು.

ಕಚೇರಿಯೆಂದರೆ ಮೂರನೇ ಮಹಡಿ, ಕೆಟ್ಟುನಿಂತ ಲಿಫ್ಟು, ಕಿಟಕಿಯ ಬಳಿ ಕಟ್ಟುಗಟ್ಟಲೆ ಕಡತ. ಅಧಿಕಾರಿ ಅದೇ ತೆಳ್ಳಗಿನ ಯುವಕ. ಎದ್ದು ಕುರ್ಚಿ ಕೊಟ್ಟ, ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಒರಟಾಗಿ ಮಾತಾಡಿದ್ದರೆ ನಾಲ್ಕು ಮಾತು ಬೈದಾದರೂ ಬರಬಹುದಿತ್ತು.

“ಗುರುವಾರ ಅಂತ ಬರೆದು ಮಂಗಳವಾರ ಬಂದ್ರೆ ಹೇಗೆ ಸರ್?”

“ಹೇಳಿದ ದಿನ ಹೋದ್ರೆ ಊರಿನವರು ಮನೆ ಬೆಕ್ಕನ್ನೂ ಎತ್ಕೊಂಡು ಬರ್ತಾರಮ್ಮ. ಅದಕ್ಕೇ ಎರಡು ದಿನ ಮುಂಚೆ ಹೋಗ್ಬೇಕು ಅಂತ ನಿಯಮ ಇದೆ.”

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಷಟರು, ಗೋದಾಮು, ದಿನದ ನೂರು ನೂರಹತ್ತು ಜನ, ಎಲ್ಲ. ಯುವಕ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

“ನಾನು ನಂಬ್ತೀನಿ,” ಎಂದ. “ಇದನ್ನೇ ಬರೆದುಕೊಡಿ, ಮತ್ತೆ ಎಣಿಸೋಕೆ ನಾನೇ ಬರ್ತೀನಿ. ಆದ್ರೆ ಅರವತ್ತರ ಬೋಟಲ್ಲಿ ನೂರು ಜನ ಅಂತ ನೀವು ಬರೆದ ಕಾಗದ ನನ್ನ ಕೈಗೆ ಬಂತು ಅಂದ್ರೆ, ನಾನು ಅದನ್ನ ಅವತ್ತೇ ಸುರಕ್ಷತಾ ವಿಭಾಗಕ್ಕೆ ಕಳಿಸ್ಲೇಬೇಕು. ಅವರು ಬೋಟು ನಿಲ್ಲಿಸ್ತಾರೆ. ಚಾಲಕರಿಗೆ ಇದು ಎರಡನೇ ಸಲ ಅಲ್ವಾ? ಕೆಲಸ ಹೋಗುತ್ತೆ.”

ಅತ್ತ ದರಿ, ಇತ್ತ ಪುಲಿ. ಗಂಡನನ್ನು ಉಳಿಸಿಕೊಂಡರೆ ತಮ್ಮ ಮುಳುಗುತ್ತಾನೆ, ತಮ್ಮನನ್ನು ಉಳಿಸಿಕೊಂಡರೆ ಗಂಡ.

“ಬೇರೆ ದಾರೀನೇ ಇಲ್ವಾ ಸರ್? ನೀವೇ ಕಣ್ಣಾರೆ ನೋಡಿದ್ರಲ್ಲ, ನಿಮ್ಮ ಪಕ್ಕದಲ್ಲಿ ಕೂತಿದ್ದ ತಾತ ನನ್ನ ಗಂಡ.”

ಯುವಕನ ಮುಖ ಸಣ್ಣದಾಯಿತು. ಒಂದು ಕಡತ ತೆಗೆದು ಅವಳತ್ತ ತಿರುಗಿಸಿದ. “ನನಗೆ ಹಿಡ್ಕೊಳ್ಳೋಕೆ ಒಂದು ಕಡ್ಡಿನಾದ್ರೂ ಬೇಕಲ್ಲಮ್ಮ. ಇಲ್ನೋಡಿ. ಕೊನೆಯ ಬೋಟಲ್ಲಿ ಜಾಗ ಸಿಗದೆ ದಡದಲ್ಲಿ ಉಳಿದವರು ಕೌಂಟರಿನ ರಿಜಿಸ್ಟರಲ್ಲಿ ಹೆಸರು ಬರೀಬೇಕು. ಹಾಗೆ ಬರೆದವರನ್ನ ಮನೆ ಮುಟ್ಟಿಸೋ ಹೊಣೆ ಇಲಾಖೆದು. ತಿಂಗಳಲ್ಲಿ ನೂರು ಹೆಸರು ದಾಟಿದ್ರೆ ಹೊಸ ಬೋಟಿನ ಪ್ರಸ್ತಾಪ ತಾನಾಗೇ ಮೇಲೆ ಹೋಗುತ್ತೆ, ಸರದಿನೂ ರದ್ದು ಮಾಡೋ ಹಾಗಿಲ್ಲ. ನಿಮ್ಮ ದ್ವೀಪದ್ದು ನೋಡಿ, ಒಂಬತ್ತು ವರ್ಷದಿಂದ.”

ಅವಳು ನೋಡಿದಳು. ‘ಉಳಿದವರು: ಸೊನ್ನೆ. ಉಳಿದವರು: ಸೊನ್ನೆ.’ ಪುಟದ ತುಂಬ ಅದೇ. ಅವಳ ತಮ್ಮ ಬಿಸಿಲು ಗಾಳಿ ಎನ್ನದೆ ಓಡಿಬಂದವರನ್ನೆಲ್ಲ ಹತ್ತಿಸಿಕೊಂಡ ಪುಣ್ಯವೆಲ್ಲ ಆ ಪುಟದಲ್ಲಿ ಸೊನ್ನೆಯಾಗಿ ಕುಳಿತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೂ ಕೊಡಲು ಸಿದ್ಧನಿದ್ದ, ಕೈಯೊಡ್ಡಿದವರ ಲೆಕ್ಕವೇ ಇರಲಿಲ್ಲ. ಮೆಟ್ಟಿಲಿಳಿಯುವಾಗ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಸಂಜೆ ತಮ್ಮ ಅಕ್ಕನ ಮನೆಗೆ ಬಂದು ಅಡುಗೆಮನೆಯ ಹೊಸಿಲ ಮೇಲೆ ಕುಳಿತ. ಅವಳು ತರಕಾರಿ ಹೆಚ್ಚುತ್ತ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು, ಚಾಕು ಮಣೆಯ ಮೇಲೆ ಜೋರಾಗಿ ಬೀಳತೊಡಗಿತು.

“ಅಕ್ಕ, ಬರೆದುಕೊಟ್ಬಿಡು,” ಎಂದ ತಮ್ಮ. “ನನ್ನ ಕೆಲಸ ಹೋದ್ರೆ ಹೋಯ್ತು.”

“ಬರೆದುಕೊಟ್ರೆ ಬೋಟೂ ನಿಲ್ಲುತ್ತೆ ಕಣೋ! ಆ ನಲವತ್ತೊಂದು ದಿನ ಮರೆತುಹೋಯ್ತಾ? ಇವರು ನಲವತ್ತೊಂದು ದಿನ ಇರ್ತಾರಾ?”

ಒಳಗಿನಿಂದ ಗಂಡನ ದನಿ ಬಂತು. “ವಾರಕ್ಕೆ ಮೂರರ ಬದಲು ಒಂದು ಸಲ ಹೋದ್ರೆ ಆಗಲ್ವಾ ಅಂತ ಡಾಕ್ಟರನ್ನ ಕೇಳೋಣ. ಒಂದು ದಿನ ಆದ್ರೆ ಆಸ್ಪತ್ರೆ ವರಾಂಡದಲ್ಲೇ ಮಲಗಬಹುದು.”

“ಡಾಕ್ಟರು ಏನಂತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸುಮ್ನಿರಿ!” ಎಂದು ಅವಳು ಕೂಗಿದಳು.  ಗಂಡ ಈ ಸಲ ತಮಾಷೆ ಮಾಡಿರಲಿಲ್ಲ, ಅದೇ ಅವಳಿಗೆ ಭಯ ಹುಟ್ಟಿಸಿದ್ದು.

“ಆ ರಿಜಿಸ್ಟರ್ ಕೌಂಟರಲ್ಲೇ ಇದೆಯಾ?” ತಮ್ಮ ಕೇಳಿದ.

“ಇದೆಯಂತೆ. ಯಾವ ಧೂಳಲ್ಲಿದೆಯೋ.”

“ಹೂಂ,” ಎಂದು ಅವನು ಎದ್ದುಹೋದ.

ಸೋಮವಾರ ಸಂಜೆ ಹೂಂ ಮಾವ ಬೋಟಿನ ಬಾಯಿಯಲ್ಲಿ ನಿಂತು, ಹತ್ತಿದವರನ್ನು ಬೆರಳಲ್ಲಿ ಎಣಿಸಿ, ಅರವತ್ತಕ್ಕೆ ಸರಿಯಾಗಿ ಹಗ್ಗ ಅಡ್ಡ ಕಟ್ಟಿದನಂತೆ. ನಲವತ್ತೆಂಟು ಜನ ದಡದಲ್ಲಿ. ಮೊದಲು ಜನ ನಕ್ಕರು, ಮಾವ ಯಾವತ್ತೂ ಇಲ್ಲದ್ದು ಇವತ್ತು ತಮಾಷೆ ಮಾಡುತ್ತಿದ್ದಾನೆ ಎಂದು. ಬೋಟು ಹೊರಟ ಮೇಲೆ ಅದೇ ಬಾಯಿಗಳಲ್ಲಿ ಬೈಗುಳ. ಗಾರೆ ಕೆಲಸದವನೊಬ್ಬ ಕೆಸರಿನ ಮುದ್ದೆ ಎಸೆದನಂತೆ. ಅದು ಬೋಟಿನ ಗಾಜಿಗೆ ಬಡಿಯಿತಂತೆ. “ರಿಜಿಸ್ಟರಲ್ಲಿ ಬರೀರಿ, ಇಲಾಖೆಯವರು ದೋಣಿ ಕೊಡ್ತಾರೆ,” ಎಂದು ಮಾವ ಹಗ್ಗ ಕಟ್ಟುವಾಗಲೇ ಹೇಳಿದ್ದ. ಒಬ್ಬನಾದರೂ ಬರೆದನೇ? ಮಂಗಳವಾರ ಬೆಳಿಗ್ಗೆ ಅರ್ಜಿಯಕ್ಕ ಇದನ್ನು ಗಾರೆಯವನ ಬಾಯಲ್ಲೇ ಕೇಳಿದಳು.

“ಅಲ್ಲಿ ಚಾಲಕನ ಹೆಸರು ಅಂತ ಒಂದು ಕಾಲಂ ಇತ್ತಕ್ಕ. ಹೂಂ ಮಾವನ ಮೇಲೆ ನಾವು ದೂರು ಬರೆಯೋದಾ? ಮುಖಕ್ಕೆ ಉಗಿದೇವು, ಅದು ಬೇರೆ. ಬರವಣಿಗೇಲಿ ಕೊಡೋರಲ್ಲ ನಾವು.”

“ಅದು ದೂರಲ್ಲ ಕಣಪ್ಪ! ನೀವು ಹೆಸರು ಬರೀಲಿ ಅಂತಾನೇ ಅವನು ಹಗ್ಗ ಕಟ್ಟಿರೋದು!”

“ನೀನು ಹೇಳೋದು ಸರಿ ಇರಬಹುದು,” ಎಂದು ಗಾರೆಯವನು ತಲೆ ಕೆರೆದುಕೊಂಡ. “ಆದ್ರೆ ಮೊದಲನೇ ಹೆಸರು ನನ್ನದು ಬೇಡ.”

ಎಲ್ಲರದೂ ಅದೇ ರಾಗ. ಜನ ಮೀನು ದೋಣಿಯಲ್ಲಿ ಬಂದಿದ್ದರು, ರಿಜಿಸ್ಟರು ಸೊನ್ನೆಯಾಗಿಯೇ ಉಳಿದಿತ್ತು. ತಮ್ಮ ತನ್ನ ಇಷ್ಟು ವರ್ಷದ ಒಳ್ಳೆಯ ಹೆಸರನ್ನು ಒಂದೇ ಸಂಜೆಯಲ್ಲಿ ನೀರಿಗೆ ಹಾಕಿದ್ದ, ಅದೂ ಸೊನ್ನೆಗೆ. ಬೆಳಗಿನ ಬೋಟಿನಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ. ಅವನು ನೇರ ಮುಂದೆ ನೋಡುತ್ತ ಬೋಟು ನಡೆಸಿದ. ಗಾಜಿನ ಮೇಲೆ ಕೆಸರಿನ ಕಲೆ ಹಾಗೇ ಇತ್ತು.

ಅಂದು ಆಸ್ಪತ್ರೆಯಲ್ಲಿ ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲಲಿಲ್ಲ. ನರ್ಸು ಒತ್ತಿ ಹಿಡಿದು ನಲವತ್ತು ನಿಮಿಷ ಕೂತಳು. ಅರ್ಜಿಯಕ್ಕನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಆಟೋದವನಿಗೆ ದಾರಿಯುದ್ದಕ್ಕೂ “ಬೇಗಪ್ಪ, ಬೇಗ,” ಎಂದಳು. ಜೆಟ್ಟಿ ಮುಟ್ಟಿದಾಗ ಐದೂ ಇಪ್ಪತ್ತೆಂಟು. ದಡದಲ್ಲಿ ನಲವತ್ತು ಜನ ಗುಂಪಾಗಿ ನಿಂತು ಬೈಯುತ್ತಿದ್ದರು. ಬೋಟಿನ ಬಾಯಿಗೆ ಹಗ್ಗ ಬಿದ್ದಾಗಿತ್ತು.

ಜನ ದಾರಿ ಬಿಟ್ಟರು. ಅವಳು ಗಂಡನ ತೋಳು ಹಿಡಿದು ಹಲಗೆಯವರೆಗೆ ನಡೆಸಿಕೊಂಡು ಬಂದಳು. ತಮ್ಮನ ಕಣ್ಣು ಎಂದಿನಂತೆ ರಸ್ತೆಯ ಮೇಲೇ ಇತ್ತು, ಅವರು ಆಟೋ ಇಳಿಯುವುದನ್ನು ಅವನು ನೋಡಿಯೇ ಇದ್ದ.

“ಹಗ್ಗ ಬಿಚ್ಚೋ,” ಎಂದಳು.

“ಅರವತ್ತಾಯ್ತು, ಅಕ್ಕ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. “ಯಾರಿಗೆ ಹೇಳ್ತಿದೀಯಾ? ಭಾವನ್ನ ನೋಡೋ. ನಿಂತ್ಕೊಳ್ಳೋಕೂ ಆಗ್ತಿಲ್ಲ ಅವರಿಗೆ.”

ಬೋಟಿನೊಳಗಿಂದ ಇಬ್ಬರು ಹುಡುಗಿಯರು ಎದ್ದರು. “ನಾವು ಇಳೀತೀವಿ ಮಾವ, ಅವರು ಬರ್ಲಿ.” ಹಿಂದಿನಿಂದ ಇನ್ನೂ ನಾಲ್ಕು ಜನ ಎದ್ದರು. ದಡದಲ್ಲಿದ್ದವರೂ, “ತಾತನ್ನ ಹತ್ತಿಸ್ಕೊಳ್ಳೋ, ಕಲ್ಲು ಮನಸ್ಸಿನೋನೇ,” ಎಂದು ಕೂಗಿದರು.

ತಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.  ಅವನು ತಗ್ಗಿದ ದನಿಯಲ್ಲಿ, ಬದುಕಿನಲ್ಲೇ ಅಷ್ಟು ಉದ್ದ ಮಾತಾಡಿದವನಲ್ಲ, “ಭಾವ ಹತ್ತಿದ್ರೆ ಇವತ್ತೂ ಎಲ್ಲ ಮೀನು ದೋಣೀಲಿ ಬಂದುಬಿಡ್ತಾರೆ ಅಕ್ಕ. ಯಾರೂ ಬರೆಯಲ್ಲ. ಒಂದನೇ ತಾರೀಖು ಬರುತ್ತೆ. ಆಮೇಲೆ ನಾನು ಹತ್ತಿಸ್ಕೊಳ್ತೀನಿ ಅಂದ್ರೂ ಬೋಟಿರಲ್ಲ,” ಎಂದ. “ನಾನು ಭಾವನ್ನೂ ಬಿಟ್ಟುಹೋದೆ ಅಂತ ನೀನು ಬರೆದ್ರೆ ಮಾತ್ರ ಇವರು ಬರೀತಾರೆ.”

ಅವನ ಕೆನ್ನೆಗೆ ಹೊಡೆಯಬೇಕು ಎನಿಸಿತು ಅವಳಿಗೆ. ಅಪ್ಪಿಕೊಳ್ಳಬೇಕು ಎಂದೂ ಅನಿಸಿತು. ಏನೂ ಮಾಡದೆ ಗಂಡನ ಮುಖ ನೋಡಿದಳು. ಅವನು ಆಗಲೇ ಜೆಟ್ಟಿಯ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದ್ದ.

“ಹೊರಡಯ್ಯ ಭಾವಮೈದ,” ಎಂದ ಅವನು. “ಅವತ್ತು ನಾನು ಹೇಳಿದ ಸುಳ್ಳಿಗೆ ಇದು ಬಡ್ಡಿ. ತೀರಿಸ್ತೀನಿ ಬಿಡು.” ದನಿ ಸೋತಿತ್ತು. ಹುಡುಗಿಯರಿಗೆ ಕೈಯಲ್ಲೇ ಕೂರಿ ಎಂದ.

ಬೋಟು ಹೊರಟಿತು. ಅರವತ್ತು ಜನರ ಬೋಟು ಎಷ್ಟು ಖಾಲಿ ಕಾಣುತ್ತದೆ ಎಂಬುದು ಆ ಸಂಜೆ ಊರಿಗೇ ಗೊತ್ತಾಯಿತು.

ಕೌಂಟರಿನ ಗುಮಾಸ್ತ ರಿಜಿಸ್ಟರನ್ನು ಬೀಳುವ ಫ್ಯಾನಿಗೆ ಆಸರೆಯಾಗಿ ಇಟ್ಟಿದ್ದ. ಫ್ಯಾನನ್ನು ನೆಲಕ್ಕಿಳಿಸಿ, ಪುಸ್ತಕದ ಧೂಳು ಕೊಡವಿ ಅವಳತ್ತ ತಳ್ಳಿದ. ಹೆಸರು, ವಯಸ್ಸು, ಉಳಿಯಲು ಕಾರಣ, ಚಾಲಕನ ಹೆಸರು. ಅರ್ಜಿಯಕ್ಕ ಗಂಡನ ಹೆಸರು ಬರೆದಳು, ತನ್ನದನ್ನು ಬರೆದಳು. ನಲವತ್ತಾರು ಅರ್ಜಿ ಬರೆದ ಕೈ ಕೊನೆಯ ಕಾಲಮಿನ ಮುಂದೆ ನಿಂತುಬಿಟ್ಟಿತು.  ಅವಳು ತಮ್ಮನ ಹೆಸರನ್ನು ಪೂರ್ತಿ, ಅವ್ವ ಅಪ್ಪ ಇಟ್ಟ ಹೆಸರನ್ನು, ದುಂಡಗೆ ಬರೆದಳು.

ಗುಮಾಸ್ತ ಓದಿ ತಲೆಯೆತ್ತಿದ. “ಇವರು ನಿಮಗೆ ಏನಾದ್ರೂ ಸಂಬಂಧಾನಾ?”

“ತಮ್ಮ.”

“ತಮ್ಮನೇ ಬಿಟ್ಟುಹೋದ್ನಾ, ಇಂಥ ಸ್ಥಿತೀಲಿ?”

“ಹೌದು,” ಎಂದಳು ಅರ್ಜಿಯಕ್ಕ. “ನಿಮ್ಮ ಸಾಹೇಬರಿಗೆ ಫೋನ್ ಮಾಡಿ. ಒಂಬತ್ತು ವರ್ಷ ಯಾರನ್ನೂ ಬಿಟ್ಟುಹೋಗದೆ ಇದ್ದವನು ಇವತ್ತು ಅಕ್ಕನ್ನೇ ಬಿಟ್ಟುಹೋದ, ಬಂದು ಎಣಿಸಿಕೊಳ್ಳಿ ಅಂತ ಹೇಳಿ.”

ಪೆನ್ನನ್ನು ಹಿಂದೆ ಚಾಚಿದಳು. ಗಾರೆಯವನು ತೆಗೆದುಕೊಂಡ. ಅವನ ಹಿಂದೆ ಒಬ್ಬೊಬ್ಬರೇ ಸಾಲಾದರು. ಅವಳು ಹೋಗಿ ಕಟ್ಟೆಯ ಮೇಲೆ ಗಂಡನ ಪಕ್ಕದಲ್ಲಿ ಕುಳಿತು, ಅವನ ಪಟ್ಟಿ ಕಟ್ಟಿದ ತೋಳನ್ನು ತೊಡೆಯ ಮೇಲಿಟ್ಟುಕೊಂಡು, ಬೋಟು ಹೋದ ಕಡೆ ನೋಡಲಾರದೆ ಅತ್ತಳು.